ಪೋಸ್ಟರಿನಲ್ಲಿ ಹಿಡಿಸದ ಮಾತು

ಫೆಬ್ರವರಿ ೪, ಬುಧವಾರ

ಮೊದಲೇ ಬರೆದಿಟ್ಟುಬಿಡುತ್ತೇನೆ: ಇದನ್ನೂ ನಾನು ಬಿಡುತ್ತೇನೆ. ಈ ಶುಕ್ರವಾರ ಅಲ್ಲದಿದ್ದರೆ ಮುಂದಿನ ಶುಕ್ರವಾರ.

ಒಂಬತ್ತನೇ ಕ್ಲಾಸಿನ ನಡುವೆ ಶಾಲೆ ಬಿಟ್ಟೆ. ಹೊಲಿಗೆ ಕ್ಲಾಸು ಬಿಟ್ಟೆ, ಅದೂ ಒಂದೇ ತೋಳಿನ ಅಂಗಿಯನ್ನು ಮೆಷಿನ್ನಿನ ಸೂಜಿ ಕೆಳಗೇ ಬಿಟ್ಟು. ಜೆರಾಕ್ಸ್ ಅಂಗಡಿ, ಔಷಧಿ ಅಂಗಡಿ, ಸ್ಕೂಟರ್ ಕಲಿಯುವುದು, ಎಲ್ಲ ಬಿಟ್ಟೆ. ನನ್ನ ಗಂಡ ಲಿಫ್ಟ್ ರಿಪೇರಿ ಮಾಡುವವನು. "ನಿನ್ನಂಥ ಲಿಫ್ಟು ನೋಡಿಲ್ಲ ಕಣೇ, ಯಾವ ಮಹಡೀಲೂ ನಿಲ್ಲಲ್ಲ" ಅನ್ನುತ್ತಾನೆ. ನಕ್ಕುಬಿಟ್ಟೆ. ನಿಜ ಹೇಳಿದವರ ಮೇಲೆ ನನಗೆ ಕೋಪ ಬರುವುದಿಲ್ಲ.

ಈಗ ಹಿಡಿದಿರುವ ಕೆಲಸದ ಹೆಸರು 'ಜೊತೆಗಾತಿ'. ಆರೋಗ್ಯ ಕೇಂದ್ರದವರು ಇಟ್ಟ ಹೆಸರು. ಎದೆಹಾಲು ಕುಡಿಸಲು ಒದ್ದಾಡುತ್ತಿರುವ ಹೊಸ ತಾಯಂದಿರ ಮನೆಗೆ ಹೋಗಿ ಪಕ್ಕದಲ್ಲಿ ಕೂರಬೇಕು. ಡಾಕ್ಟರ ಹಾಗೆ ಅಲ್ಲ, ಅದೇ ಒದ್ದಾಟ ಒದ್ದಾಡಿ ಬಂದವಳ ಹಾಗೆ. ಬುಧವಾರ ಎಲ್ಲರೂ ಕೇಂದ್ರದ ಹಿಂದಿನ ಕೋಣೆಯಲ್ಲಿ ಸೇರುತ್ತೇವೆ. ಅಲ್ಲಿ ಲಸಿಕೆಯ ಫ್ರಿಜ್ಜು ಗೊರಕೆ ಹೊಡೆಯುತ್ತಿರುತ್ತದೆ. ಕಾಲು ನೆಟ್ಟಗಿಲ್ಲದ ಪ್ಲಾಸ್ಟಿಕ್ ಕುರ್ಚಿಗಳು, ಮಗು ತೂಗುವ ತಕ್ಕಡಿ, ಕಲಿಸುವುದಕ್ಕೆ ಒಂದು ಬಟ್ಟೆಗೊಂಬೆ ಮತ್ತು ಹಳೆಯ ಕಾಲುಚೀಲಕ್ಕೆ ಹತ್ತಿ ತುಂಬಿ ಹೊಲಿದ ಒಂದು ಮೊಲೆ. ಅದನ್ನು ನೋಡಿ ನಾನೊಬ್ಬಳೇ ನಕ್ಕಿದ್ದು.

ಕೇಂದ್ರದ ನರ್ಸ್ ಸಿಸ್ಟರ್ ಹೇಳಿಕೊಟ್ಟ ನಿಯಮ ಎರಡೇ. ಒಂದು, ಕೈ ಬೆನ್ನ ಹಿಂದೆ. ತಾಯಿಯನ್ನೂ ಮುಟ್ಟಬಾರದು, ಮಗುವನ್ನೂ ಮುಟ್ಟಬಾರದು. ನಾವು ಹಿಡಿದು ಕೂರಿಸಿಬಿಟ್ಟರೆ, ನಾವು ಎದ್ದು ಹೋದ ಮೇಲೆ ಅವಳಿಗೆ ಬರುವುದಿಲ್ಲ. ಎರಡು, ಮೊದಲು ಅವಳ ಮಾತು ಕೇಳಿಸಿಕೊಳ್ಳಬೇಕು.

"ಎರಡನೇದು ನನ್ನ ಕೈಲಿ ಆಗಲ್ಲ ಸಿಸ್ಟರ್," ಅಂದೆ.

"ತಡೆಯೋಕಾಗದ್ದನ್ನೆಲ್ಲ ಮನೆಗೆ ಹೋಗಿ ಬರ್ಕೊ. ಅಲ್ಲಿ ಮಾತ್ರ ಉದುರಿಸಬೇಡ," ಅಂದರು.

ಅದಕ್ಕೇ ಈ ದಿನಚರಿ. ಉದುರಿಸುವುದಕ್ಕೆ ಒಂದು ಬುಟ್ಟಿ.

ಸೇರುವ ದಿನವೇ ಅವರಿಗೆ ನೆನಪಿಸಿದ್ದೆ: ನನ್ನ ಮಗಳು ಹುಟ್ಟಿದ ಮೊದಲ ವಾರಗಳಲ್ಲಿ ಡಬ್ಬದ ಹಾಲಿನಲ್ಲೇ ಬದುಕಿದ್ದು. ನನಗೆ ಜ್ವರ, ಮೊಲೆ ಕಲ್ಲಾಗಿತ್ತು, ಅವಳು ಅತ್ತರೆ ಬೀದಿಯೇ ಕಿಟಕಿ ತೆರೆಯುತ್ತಿತ್ತು. ಅದಕ್ಕೇ ಅವಳ ಹೆಸರು ಸೈರನ್ನು. ಆಮೇಲೆ ಇದೇ ಸಿಸ್ಟರ್ ಬಂದು ನಮ್ಮ ಮಂಚದ ಪಕ್ಕ ಕೂತು ಕೂತು ಹಾಲು ವಾಪಸು ಬಂತು. ಈಗಲೂ ಸಂಜೆ ಒಂದು ಬಾಟಲಿ ಅತ್ತೆ ಕೊಡುತ್ತಾರೆ, ಆಗ ನಾನು ಸ್ನಾನ ಮಾಡುತ್ತೇನೆ. ಆ ಸ್ನಾನ ನಾನು ಯಾರಿಗೂ ಬಿಟ್ಟುಕೊಡುವುದಿಲ್ಲ.

"ಇದನ್ನ ಮುಚ್ಚಿಡಬೇಕಾ?" ಅಂತ ಕೇಳಿದೆ.

"ಮುಚ್ಚಿಡೋ ಹಾಗಿದ್ದರೆ ನಿನ್ನನ್ನ ಯಾಕೆ ಕರೀತಿದ್ದೆ?" ಅಂದರು ಸಿಸ್ಟರ್.

ಅದೊಂದು ಮಾತಿಗೆ ಇಷ್ಟು ದಿನ ಇದ್ದೇನೆ ಅಷ್ಟೆ.

ಫೆಬ್ರವರಿ ೬, ಶುಕ್ರವಾರ

ನನಗೆ ಕೊಟ್ಟ ಮೊದಲ ಮನೆ ಬಸ್ ಕಂಡಕ್ಟರ್ ಒಬ್ಬಳದು. ಎರಡು ತಿಂಗಳ ಗಂಡುಮಗು. ಬಾಗಿಲ ಹಿಂದೆ ಮೊಳೆಗೆ ಯೂನಿಫಾರ್ಮು ಇಸ್ತ್ರಿ ಮಾಡಿ ತೂಗುಹಾಕಿದೆ, ಅದರ ಮೇಲೆ ವಿಸಿಲ್ಲು. ಮಾರ್ಚಿಗೆ ಡ್ಯೂಟಿ ಶುರು. ಅಷ್ಟರೊಳಗೆ ಮಗು ಸರಿಯಾಗಿ ಕುಡಿಯುವುದು ಕಲಿಯಬೇಕು, ಡ್ಯೂಟಿಗೆ ಹೋದ ಮೇಲೂ ತಾನೇ ಹಾಲು ಕೊಡಬೇಕು ಅನ್ನುವುದು ಅವಳ ಹಟ.

ಅವಳ ಅಮ್ಮ ಬಾಗಿಲಲ್ಲೇ ಶುರು ಮಾಡಿದರು. "ಇವಳಿಗೆ ಹಾಲೇ ಸಾಲಲ್ಲಮ್ಮ. ನೋಡು ಮಗು ಹೇಗಿದೆ, ಒಣಗಿದ ಹೀರೇಕಾಯಿ."

"ಅಮ್ಮಾ, ಮುಂದೆ ಹೋಗಿ, ಜಾಗ ಬಿಡಿ," ಅಂದಳು ಕಂಡಕ್ಟರಕ್ಕ, ಬಸ್ಸಿನಲ್ಲಿ ಹೇಳುವ ಹಾಗೇ. ಅಮ್ಮ ನಿಜವಾಗಲೂ ಮುಂದೆ ಹೋದರು.

ಅವಳು ಮಗುವನ್ನು ಅಂಗಾತ ಮಡಿಲಲ್ಲಿಟ್ಟು, ತಾನು ಬಗ್ಗಿ, ಕುತ್ತಿಗೆ ಸೊಟ್ಟ ಮಾಡಿಕೊಂಡು ಮೊಲೆ ತುರುಕುತ್ತಿದ್ದಳು. ನನ್ನ ಕೈ ಹಿಂದೆ ಒಂದನ್ನೊಂದು ಪರಚಿಕೊಳ್ಳುತ್ತಿತ್ತು. ಬಾಯಿ ಬಿಗಿಹಿಡಿದು ದವಡೆ ನೋವು. ಕೊನೆಗೆ ಕೇಳಿದೆ, "ಅಕ್ಕ, ಹೀಗೆ ತಲೆ ಒಂದು ಕಡೆ ಹೊಟ್ಟೆ ಒಂದು ಕಡೆ ಇಟ್ಕೊಂಡು ನೀವು ನೀರು ಕುಡೀತೀರಾ?"

ಅವಳು ತನ್ನ ತಲೆ ಪಕ್ಕಕ್ಕೆ ತಿರುಗಿಸಿ ಗುಟುಕು ನುಂಗಿ ನೋಡಿದಳು. ಆಮೇಲೆ ಮಗುವನ್ನು ಪೂರ್ತಿ ತನ್ನ ಕಡೆಗೆ ತಿರುಗಿಸಿಕೊಂಡಳು, ಹೊಟ್ಟೆಗೆ ಹೊಟ್ಟೆ. ತಾನು ಹಿಂದಕ್ಕೆ ಒರಗಿದಳು. ಮಗು ಬಾಯಿ ಅಗಲ ಮಾಡಿ ಕಚ್ಚಿತು. ಗುಟುಕರಿಸುವ ಸದ್ದು ಬಂದಾಗ ಅವಳ ಅಮ್ಮ ಅಡುಗೆಮನೆಯಿಂದ ಇಣುಕಿದರು.

"ಇಷ್ಟು ದಿನ ಬಂದವರೆಲ್ಲ ಏನಾದರೊಂದು ಹೇಳಿ ಹೋದರು," ಅಂದಳು. "ನೀನೊಬ್ಬಳೇ ಬಾಯಿ ಮುಚ್ಕೊಂಡು ಕೂತವಳು."

ನನ್ನನ್ನು ಹೀಗೆ ಯಾರೂ ಹೊಗಳಿರಲಿಲ್ಲ. ಮನೆಯಲ್ಲಿ ಹೇಳಿದರೆ ಯಾರೂ ನಂಬಲಿಲ್ಲ.

ಇವತ್ತು ಶುಕ್ರವಾರ. ಬಿಡೋಣ ಅಂದಿದ್ದೆ. ಮುಂದಿನ ವಾರ ಬಿಡುತ್ತೇನೆ.

ಫೆಬ್ರವರಿ ೧೧, ಬುಧವಾರ

ಮೇಲಿನ ಆಫೀಸಿನಿಂದ ಪೋಸ್ಟರಿಗೆ ಫೋಟೋ ತೆಗೆಯುವವನು ಬಂದಿದ್ದ. ಎಲ್ಲ ತಾಯಂದಿರನ್ನೂ ನೋಡಿ ನನ್ನ ಕಡೆ ಬೆರಳು ತೋರಿಸಿದ. "ಮುಖ ಚಿಕ್ಕ ವಯಸ್ಸಿನದು, ಮಗು ದುಂಡಗಿದೆ." ಸಂತೆಯಲ್ಲಿ ಕುಂಬಳಕಾಯಿ ಆರಿಸಿದ ಹಾಗೆ.

"ನಗಮ್ಮ. ಕ್ಯಾಮೆರಾ ಕಡೆ ಅಲ್ಲ, ಮಗು ಕಡೆ. ಸಂತೃಪ್ತಿಯಿಂದ ನಗು."

ಸಂತೃಪ್ತಿಯಿಂದ ನಗುತ್ತಿದ್ದಾಗಲೇ ಸೈರನ್ನು ನನ್ನ ಮಡಿಲಲ್ಲಿ ಬೆಚ್ಚಗೆ ಮಾಡಿದಳು. ಫೋಟೋದಲ್ಲಿ ಅದು ಕಾಣುವುದಿಲ್ಲವಂತೆ.

ಕಂಡಕ್ಟರಕ್ಕ ಇವತ್ತು ಬಂದಿದ್ದಳು. ಹೀರೇಕಾಯಿಯನ್ನು ತಕ್ಕಡಿಯಲ್ಲಿಟ್ಟಾಗ ಸಿಸ್ಟರ್ ಹುಬ್ಬು ಏರಿಸಿದರು. "ಏನು ಇವನು, ಒಂದೇ ವಾರದಲ್ಲಿ ಸೌತೇಕಾಯಿ ಆಗಿದ್ದಾನೆ!" ಕೋಣೆಯೆಲ್ಲ ನಗು. ಅವಳು ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು, ಫುಲ್ ಲೋಡ್ ಬಸ್ಸಿನಲ್ಲಿ ಎಲ್ಲರಿಗೂ ಟಿಕೆಟ್ ಕೊಟ್ಟು ಮುಗಿಸಿದವಳ ಹಾಗೆ.

ಫೆಬ್ರವರಿ ೧೯, ಗುರುವಾರ

ಬೇಜಾರು. ಕೂತು ಕೂತು ಕಾಲು ಜೋಮು. ಬಿಡಬೇಕು.

ಫೆಬ್ರವರಿ ೨೫, ಬುಧವಾರ

ಇವತ್ತು ಅಕ್ಷರ ಹೇಗೆ ಬಂದರೂ ಸರಿ.

ಪೋಸ್ಟರು ಬಂದಿದೆ. ಕೇಂದ್ರದ ಗೇಟಿನ ಪಕ್ಕದ ಗೋಡೆ ತುಂಬ ನಾನು. ನನ್ನ ಹಲ್ಲೇ ಅಂಗೈಯಷ್ಟಗಲ. ಕೆಳಗೆ ದಪ್ಪ ಅಕ್ಷರದಲ್ಲಿ: "ನನ್ನ ಮಗುವಿಗೆ ಒಂದು ಹನಿಯೂ ಬೇರೆ ಹಾಲು ಕೊಟ್ಟಿಲ್ಲ. ನಿಮ್ಮಿಂದಲೂ ಸಾಧ್ಯ!"

ನೇರ ಒಳಗೆ ಹೋದೆ. "ಸಿಸ್ಟರ್, ಆ ಗೋಡೆ ಮೇಲಿರೋಳು ಯಾರು?"

"ಚೆನ್ನಾಗಿ ಬಂದಿದೆಯಲ್ಲ?"

"ಬಂದಿರೋದು ಸುಳ್ಳು."

ಅವರು ಬಾಗಿಲು ಮುಂದೆ ಮಾಡಿದರು. "ಬರೆದದ್ದು ನಾನಲ್ಲ. ಮೇಲಿನವರು ಎಲ್ಲ ಊರಿಗೂ ಒಂದೇ ಸಾಲು ಕಳಿಸಿದಾರೆ. ಒಂದು ಸಾಲಿಗೆ ಇಷ್ಟು ರಂಪ ಬೇಡ."

"ಒಂದೇ ಸಾಲಿಗೇ ನಾನು ಶಾಲೆ ಬಿಟ್ಟಿದ್ದು," ಅಂದೆ. ಅದು ನಿಜ. ಕಿಟಕಿ ಗಾಜು ಒಡೆದವಳು ನಾನಲ್ಲ. 'ತಪ್ಪಾಯಿತು' ಅಂತ ಒಂದು ಸಾಲು ಬರೆದುಕೊಟ್ಟಿದ್ದರೆ ಒಳಗೆ ಸೇರಿಸಿಕೊಳ್ಳುತ್ತಿದ್ದರು.

"ನೋಡು," ಅಂದರು ಸಿಸ್ಟರ್, ಈ ಸಲ ಮೆಲ್ಲಗೆ. "ಗೇಟಿನಾಚೆ ಡಬ್ಬದವನು ನಿಂತಿರ್ತಾನಲ್ಲ, ಚೀಲ ಹಾಕ್ಕೊಂಡು? ನಾನು ಹೆರಿಗೆಯಾದವರನ್ನ ಈ ಬಾಗಿಲಿಂದ ಕಳಿಸಿದರೆ ಅವನು ಆ ಬಾಗಿಲಲ್ಲಿ ಮೊದಲ ಡಬ್ಬ ಪುಕ್ಕಟೆ ಕೈಗಿಡ್ತಾನೆ. ಅದು ಮುಗಿಯೋ ಹೊತ್ತಿಗೆ ಎದೆ ಬತ್ತಿರತ್ತೆ, ಎರಡನೇದು ಅವನ ಹತ್ರಾನೇ ಕೊಳ್ಳಬೇಕು. ಗೋಡೆ ಮೇಲೆ 'ಬಾಟಲಿನೂ ಕೊಟ್ಟೆ' ಅಂತ ನೀನು ಹೇಳಿದರೆ ಅವನು ಅದನ್ನ ಹಾರ ಮಾಡಿ ಹಾಕ್ಕೋತಾನೆ. ನಿಜ ಹೇಳೋಕೂ ಒಂದು ಜಾಗ ಇದೆ ಪುಟ್ಟಿ."

"ನನ್ನ ಮುಖದ ಕೆಳಗಿನ ಜಾಗ ನನ್ನದು," ಅಂದೆ.

ಪೋಸ್ಟರು ಹಾಗೇ ಇದೆ. ಕಂಡಕ್ಟರಕ್ಕ ಇವತ್ತು ಬರಲಿಲ್ಲ.

ಫೆಬ್ರವರಿ ೨೮, ಶನಿವಾರ

ಕಂಡಕ್ಟರಕ್ಕನ ಮನೆಗೆ ಹೋಗಿ ನೋಡಿದೆ. ಅವಳ ಅಡುಗೆಮನೆ ಶೆಲ್ಫಿನ ಮೇಲೆ ಹೊಸ ಡಬ್ಬ. ಮುಚ್ಚಳ ತೆಗೆದಿದೆ.

"ಸೋಮವಾರ ಡ್ಯೂಟಿ," ಅಂದಳು. ಮಗು ಅವಳ ಅಮ್ಮನ ತೊಡೆಯ ಮೇಲೆ ಬಾಟಲಿ ಚೀಪುತ್ತಿತ್ತು. ಅವಳು ಆ ಕಡೆ ನೋಡಲೇ ಇಲ್ಲ.

"ಅಕ್ಕ, ಡ್ಯೂಟಿಗೆ ಹೋದರೂ ಬೆಳಗ್ಗೆ ಸಂಜೆ..."

"ನಿನ್ನ ಪೋಸ್ಟರ್ ನೋಡಿದೆ ತಾಯಿ. ಒಂದು ಹನಿಯೂ ಇಲ್ಲವಂತೆ. ನನ್ನ ಆ ವ್ರತ ಮೊನ್ನೆನೇ ಮುಗೀತು. ಡಿಪೋಗೆ ಕಾಗದ ಕೊಡೋಕೆ ಹೋದಾಗ ಅಮ್ಮ ಒಂದು ಬಾಟಲಿ ಕೊಟ್ಟರು. ಹನಿ ಹೋಯ್ತಲ್ಲ, ಇನ್ನು ಯಾವ ಮುಖ ಇಟ್ಕೊಂಡು ಆ ಕೋಣೇಲಿ ಕೂರಲಿ? ಕೆಟ್ಟಿದ್ದು ಪೂರ್ತಿ ಕೆಡಲಿ."

"ಅದು ಸುಳ್ಳು ಅಕ್ಕ! ನಾನೂ ಕೊಟ್ಟಿದೀನಿ. ವಾರಗಟ್ಟಲೆ. ಈಗಲೂ ದಿನಾ ಒಂದು ಕೊಡ್ತೀನಿ."

ಅವಳು ನನ್ನ ತಲೆ ಸವರಿದಳು. ಹೊಡೆದಿದ್ದರೆ ಚೆನ್ನಾಗಿತ್ತು. "ಒಳ್ಳೇ ಹುಡುಗಿ ನೀನು. ನನ್ನ ಸಮಾಧಾನಕ್ಕೆ ಹೇಳ್ತಿದೀಯ."

ನನ್ನ ಹತ್ತಿರ ಚಿನ್ನವಿಲ್ಲ, ಸರ್ಟಿಫಿಕೇಟಿಲ್ಲ. ಇರುವುದು ಒಂದೇ, ನಾನು ಹೇಳಿದ್ದು ನಿಜ ಅಂತ ಜನ ನಂಬುತ್ತಾರೆ. ಅದನ್ನೂ ಆ ಗೋಡೆ ತಿಂದುಹಾಕಿತು.

ಅವಳಿಗೆ ಹಾಲಿದೆ. ನಾನೇ ಸದ್ದು ಕೇಳಿದ್ದೇನೆ. ಬತ್ತಿಹೋಗುವುದಕ್ಕೆ ಮುಂಚೆ ಏನಾದರೂ ಮಾಡಬೇಕು.

ಮಾರ್ಚ್ ೨, ಸೋಮವಾರ

ಮಾಡಿದೆ.

ಗಂಡನ ಟೂಲ್ ಚೀಲದಿಂದ ಕಪ್ಪು ಮಾರ್ಕರು ತೆಗೆದುಕೊಂಡೆ, ಲಿಫ್ಟಿನ ಬಾಗಿಲಿಗೆ 'ಕೆಟ್ಟಿದೆ' ಎಂದು ಬರೆಯುವುದು. ಹಾಡಹಗಲು, ಹನ್ನೊಂದು ಗಂಟೆಗೆ, ಸೈರನ್ನನ್ನು ಬೆನ್ನಿಗೆ ಕಟ್ಟಿಕೊಂಡು ಹೋದೆ. ಕದ್ದು ಬರೆಯುವುದಕ್ಕೆ ನಾನೇನು ಕಳ್ಳಿಯೇ?

ಮೊದಲು ಆ ಸಾಲಿನ ಮೇಲೆ ಗೀಟು ಹಾಕಿದೆ. ಆಮೇಲೆ ನನ್ನ ಹಣೆಯ ಮೇಲಿಂದ ಶುರು ಮಾಡಿದೆ: "ಇದು ಸುಳ್ಳು. ನಾನು ಬಾಟಲಿ ಹಾಲೂ ಕೊಟ್ಟಿದ್ದೇನೆ." ಕೋಪದಲ್ಲಿ ಅಕ್ಷರ ತೆಂಗಿನಕಾಯಿಯಷ್ಟು ದಪ್ಪ ಬಂದವು. ಕುತ್ತಿಗೆಗೆ ಬರುವಷ್ಟರಲ್ಲಿ ಜಾಗ ಮುಗಿದಿತ್ತು. ಉಳಿದದ್ದನ್ನು ಕೆಳಗೆ ಮೂಲೆಯಲ್ಲಿ ಇರುವೆ ಸಾಲಿನ ಹಾಗೆ ಬರೆದೆ: "ಎದೆಹಾಲು ನಿಂತುಹೋಗಿತ್ತು. ಒಬ್ಬರು ಪಕ್ಕದಲ್ಲಿ ಕೂತರು, ವಾಪಸು ಬಂತು. ಈಗ ಹೆಚ್ಚಿನದೆಲ್ಲ ಅದೇ. ಸ್ವಲ್ಪ ಕೊಟ್ಟರೂ ಅದು ಕೊಟ್ಟ ಹಾಗೇ. ಒಳಗೆ ಬನ್ನಿ."

ಕಾವಲುಗಾರ ತಾತ ಓದಿ, "ಕೈಬರಹ ಚೆನ್ನಾಗಿಲ್ಲ ಕಣಮ್ಮ" ಅಂದ.

"ಮೊದಲಿದ್ದ ಅಚ್ಚು ಚೆನ್ನಾಗಿತ್ತಲ್ಲ ತಾತ, ಏನು ಬಂತು?" ಅಂದೆ.

ಮಾರ್ಚ್ ೪, ಬುಧವಾರ

ಮೇಲಿನ ಸಾಹೇಬರು ಬಂದಿದ್ದರು. ಕುರ್ಚಿ ಕಾಲು ಅಲುಗಾಡಿ ಒಮ್ಮೆ ಬೀಳುವಂತಾದರು, ಅದಕ್ಕೂ ನನ್ನನ್ನೇ ದಿಟ್ಟಿಸಿದರು. ಸರ್ಕಾರಿ ಆಸ್ತಿ ಹಾಳು ಮಾಡಿದ್ದೇನಂತೆ.

"ನನ್ನ ಮುಖ ಸರ್ಕಾರದ ಆಸ್ತಿ ಯಾವಾಗಾಯ್ತು ಸಾರ್?"

"ಎಷ್ಟು ಓದಿದೀಯಮ್ಮ ನೀನು?"

"ಆ ಪೋಸ್ಟರ್ ಓದೋಷ್ಟು."

ಸಿಸ್ಟರ್ ನೆಲ ನೋಡುತ್ತಿದ್ದರು. ಕ್ಷಮೆ ಕೇಳಿದರೆ ಇಟ್ಟುಕೊಳ್ಳುತ್ತೇವೆ ಅಂದರು ಸಾಹೇಬರು. ಕೇಳಲಿಲ್ಲ. ಹಾಗಾದರೆ ನಾಳೆಯಿಂದ ಆ ಕೋಣೆಗೆ ಬರಬಾರದಂತೆ, ಯಾರ ಮನೆಗೂ ಕೇಂದ್ರದ ಹೆಸರಿನಲ್ಲಿ ಹೋಗಬಾರದಂತೆ. ಬಟ್ಟೆಗೊಂಬೆ ನನ್ನ ಚೀಲದಲ್ಲಿತ್ತು, ತೆಗೆದು ಮೇಜಿನ ಮೇಲೆ ಕೂರಿಸಿದೆ. ಮೊಲೆಯನ್ನೂ ಇಟ್ಟೆ. ಸಾಹೇಬರು ಕಿಟಕಿ ಕಡೆ ತಿರುಗಿಕೊಂಡರು.

ಮನೆಗೆ ಬಂದರೆ ಗಂಡ ಹೇಳುತ್ತಾನೆ, "ಒಳ್ಳೇದೇ ಆಯ್ತು, ಬಿಡ್ತೀನಿ ಬಿಡ್ತೀನಿ ಅಂತಿದ್ದೆ. ನಿನಗೆ ಕಷ್ಟ ಕೊಡದೆ ಅವರೇ ಬಿಡಿಸಿದರು."

ತಟ್ಟೆ ಸರಿಸಿ ಎದ್ದೆ. ಅವನೇನೋ ತಮಾಷೆಗೆ ಹೇಳಿದ. ಅತ್ತೆ ಅವನ ತಲೆಗೆ ಮೊಟಕಿದರು.

ಮಾರ್ಚ್ ೬, ಶುಕ್ರವಾರ

ಸಿಸ್ಟರ್ ಹೇಳಿದ್ದು ನಿಜವಾಯಿತು. ಬರೆಯಲು ಇಷ್ಟವಿಲ್ಲ, ಆದರೂ ಬರೆಯುತ್ತೇನೆ.

ಪೋಸ್ಟರನ್ನು ಹರಿದು ತೆಗೆದಿದ್ದಾರೆ. ಆದರೆ ಅದಕ್ಕೆ ಮುಂಚೆ ಡಬ್ಬದವನು ಫೋನಿನಲ್ಲಿ ಫೋಟೋ ಹೊಡೆದುಕೊಂಡಿದ್ದ. ಹಣೆಯಿಂದ ಕುತ್ತಿಗೆಯವರೆಗೆ ಮಾತ್ರ. ಇರುವೆ ಸಾಲು ಅದರಲ್ಲಿ ಇಲ್ಲ. ಗೇಟಿನಿಂದ ಹೊರಗೆ ಬಂದ ಪ್ರತಿಯೊಬ್ಬ ತಾಯಿಗೂ ಅದನ್ನು ತೋರಿಸುತ್ತಿದ್ದಾನೆ. "ನೋಡಿ ತಾಯಿ, ಅವರ ಪೋಸ್ಟರಿನ ಹುಡುಗೀನೇ ಹೇಳಿದಾಳೆ."

ನನ್ನ ನಿಜವನ್ನು ಅರ್ಧ ಕತ್ತರಿಸಿ ಡಬ್ಬಕ್ಕೆ ಅಂಟಿಸಿದ್ದಾನೆ. ದಪ್ಪಕ್ಷರದಲ್ಲಿ ಅರ್ಧ ಹೇಳಿದವಳು ನಾನೇ. ಅವರು ಪೂರ್ತಿ ಸುಳ್ಳು ಬರೆದರು, ನಾನು ಅರ್ಧ ನಿಜ ಬರೆದೆ. ಯಾವುದು ಹೆಚ್ಚು ಕೆಟ್ಟದ್ದು ಅಂತ ಇಡೀ ಮಧ್ಯಾಹ್ನ ಯೋಚಿಸಿದೆ, ಗೊತ್ತಾಗಲಿಲ್ಲ.

ಸೈರನ್ನು ಮಲಗಿದ್ದಾಳೆ. ನಾಳೆ ಅವಳನ್ನು ಕಟ್ಟಿಕೊಂಡು ಗೇಟಿಗೆ ಹೋಗುತ್ತೇನೆ. ಗೇಟಿನ ಆಚೆಯ ರಸ್ತೆ ಸಾಹೇಬರದಲ್ಲ.

ಮಾರ್ಚ್ ೭, ಶನಿವಾರ

ಡಬ್ಬದವನ ಪಕ್ಕದಲ್ಲೇ ಹೋಗಿ ನಿಂತೆ. ಅವನಿಗೆ ಮೊದಲು ಗುರುತು ಸಿಗಲಿಲ್ಲ. ಸಿಕ್ಕ ಮೇಲೆ ಖುಷಿಯೋ ಖುಷಿ. "ಓಹೋ, ಪೋಸ್ಟರ್ ತಂಗಿ! ನಿನ್ನಿಂದ ಒಳ್ಳೇ ವ್ಯಾಪಾರ."

"ಫೋಟೋ ಅರ್ಧ ಇದೆಯಲ್ಲಣ್ಣ. ಉಳಿದರ್ಧ ನಾನು ತಂದಿದೀನಿ."

ಅವನು ಒಬ್ಬಳಿಗೆ ಫೋನು ತೋರಿಸಿದ ಕೂಡಲೇ ನಾನು ಪಕ್ಕದಿಂದ ಶುರು ಮಾಡುತ್ತಿದ್ದೆ: "ಅದು ನಾನೇ ಅಕ್ಕ, ನಿಜಾನೇ. ಕೊಟ್ಟೆ. ಯಾಕೆ ಕೊಟ್ಟೆ ಅಂದರೆ ಜ್ವರ, ಪಕ್ಕದಲ್ಲಿ ಯಾರೂ ಇರಲಿಲ್ಲ. ಆಮೇಲೆ ಮತ್ತೆ ಮತ್ತೆ ಎದೆಗೆ ಹಾಕಿ ಹಾಲು ವಾಪಸು ಬರಿಸಿದೆ. ಇವರ ಮೊದಲ ಡಬ್ಬ ಪುಕ್ಕಟೆ. ಎರಡನೇದು ಪುಕ್ಕಟೆಯಾ ಅಂತ ಕೇಳಿ."

"ಎರಡನೇದು ಪುಕ್ಕಟೆಯಾ?" ಅಂತ ಅವಳು ಕೇಳೇಬಿಟ್ಟಳು.

ಅವನು ಬೆವರು ಒರೆಸಿಕೊಂಡ. "ತಂಗಿ, ಇದು ನನ್ನ ಹೊಟ್ಟೆಪಾಡು."

"ಅವರ ಮಗೂದೂ ಹೊಟ್ಟೆಪಾಡೇ ಅಣ್ಣ."

"ನಿನ್ನನ್ನ ಕೇಂದ್ರದೋರು ಓಡಿಸಿದಾರಂತೆ? ಇಲ್ಲಿಗ್ಯಾಕೆ ಬಂದೆ?"

"ಒಳಗಿಂದ ಓಡಿಸಿದರು. ಹೊರಗಿಂದ ಯಾರು ಓಡಿಸ್ತಾರೆ?"

ಅವನು ಕೆಟ್ಟವನಲ್ಲ. ಮಧ್ಯಾಹ್ನ ಬಿಸಿಲಿಗೆ ತನ್ನ ಕೊಡೆಯನ್ನು ಸೈರನ್ನಿನ ಮೇಲೂ ಹಿಡಿದ. ಕೊಡೆಯ ಮೇಲೂ ಡಬ್ಬದ ಚಿತ್ರವಿತ್ತು. ಮಗು ನೆರಳಲ್ಲಿತ್ತು, ಸುಮ್ಮನಿದ್ದೆ.

ಮಾರ್ಚ್ ೧೦, ಮಂಗಳವಾರ

ಕೇಂದ್ರದಿಂದ ಸ್ವಲ್ಪ ಮುಂದೆಯೇ ಬಸ್ಸಿನ ಕೊನೆಯ ಸ್ಟಾಪು. ಕಂಡಕ್ಟರಕ್ಕನ ಬಸ್ಸು ಅಲ್ಲಿಗೇ ಬರುತ್ತದೆ ಅಂತ ಗೊತ್ತಿರಲಿಲ್ಲ. ಇವತ್ತು ನಾನು ಡಬ್ಬದವನ ಜೊತೆ ಜಗಳದ ನಡುವೆ ಇದ್ದಾಗ ಒಂದು ಬಸ್ಸು ಸ್ಟಾಪು ತಲುಪುವ ಮುಂಚೆಯೇ "ಹೋಲ್ಡಾನ್!" ಅಂತ ಕೂಗು ಕೇಳಿಸಿತು. ಡ್ರೈವರು ಬ್ರೇಕು ತುಳಿದ. ಬಾಗಿಲಲ್ಲಿ ಕಂಡಕ್ಟರಕ್ಕ.

"ಏಯ್ ಪೋಸ್ಟರ್, ಹತ್ತು!"

ಹತ್ತಿದೆ. ಕೊನೆಯ ಸ್ಟಾಪಿನಲ್ಲಿ ಜನರೆಲ್ಲ ಇಳಿದರು, ಡ್ರೈವರಣ್ಣ ಟೀ ಕುಡಿಯಲು ಹೋದ. ಅವಳು ಹಿಂದಿನ ಸೀಟಿಗೆ ಬಂದು ಕೂತು, ಎದೆಗೆ ಒತ್ತಿ ಹಿಡಿದಿದ್ದ ಟಿಕೆಟ್ ಚೀಲ ಕೆಳಗಿಟ್ಟಳು. ಯೂನಿಫಾರ್ಮಿನ ಮುಂಭಾಗ ಎರಡೂ ಕಡೆ ಒದ್ದೆ.

"ಒಂದು ಹುಡುಗಿ ಮಗು ಎತ್ಕೊಂಡು ಹತ್ತಿದಳು. ಅದು ಅತ್ತಿತು. ಅಷ್ಟೇ, ಇದು ಶುರುವಾಯ್ತು," ಅಂದಳು. "ಬತ್ತಿ ಹೋಗತ್ತೆ ಅಂದ್ಕೊಂಡಿದ್ದೆ. ಹೋಗ್ತಿಲ್ಲ. ಕಲ್ಲಾಗಿದೆ, ನೋವು." ಆಮೇಲೆ ನನ್ನನ್ನು ನೋಡದೆ ಕೇಳಿದಳು, "ನಿಜ ಹೇಳು. ನೀನು ನಿಜವಾಗಲೂ ಬಾಟಲಿ ಕೊಟ್ಟೆಯಾ?"

ನಾನು ಚೀಲದಿಂದ ಸೈರನ್ನಿನ ಬಾಟಲಿ ತೆಗೆದು ಸೀಟಿನ ಮೇಲಿಟ್ಟೆ. ತಳದಲ್ಲಿ ಇನ್ನೂ ಒಂದಿಷ್ಟು ಹಾಲಿತ್ತು. ಇವತ್ತು ಅತ್ತೆ ಬೇಗನೇ ಕೊಟ್ಟಿದ್ದರು.

ಅವಳು ಅದನ್ನು ಎತ್ತಿ, ತಿರುಗಿಸಿ, ಖೋಟಾ ನೋಟು ನೋಡುವ ಹಾಗೆ ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ ಸೈರನ್ನನ್ನು ನೋಡಿದಳು. ಮಗು ನನ್ನ ಅಂಗಿಯೊಳಗೆ ಮೂತಿ ತೂರಿಸಿ ಗುಟುಕರಿಸುತ್ತಿತ್ತು.

"ಎರಡೂನಾ?"

"ಎರಡೂ ಅಕ್ಕ. ಪೂರ್ತಿ ಕೊಟ್ಟರೆ ಇನ್ನೂ ಒಳ್ಳೇದು, ಸಿಸ್ಟರ್ ಹೇಳೋದು ಸುಳ್ಳಲ್ಲ. ಆದರೆ ಪೂರ್ತಿ ಆಗದಿದ್ದರೆ ಸೊನ್ನೆ ಅಂತ ಯಾರು ಹೇಳಿದರು?"

"ನಿನ್ನ ಮುಖ ಹೇಳ್ತು. ಅಷ್ಟೆತ್ತರ ನಿಂತ್ಕೊಂಡು."

ಕಲ್ಲಾದರೆ ಕೈಯಿಂದ ಒತ್ತಿ ತೆಗೆಯಬಹುದು ಅಂದೆ. ಅವಳು ಕೈ ತೊಳೆದು ಬಂದು, ತನ್ನ ಕೈಯಿಂದಲೇ ಮೆಲ್ಲಗೆ ಒತ್ತಿ, ನೀರಿನ ಬಾಟಲಿಯ ಮುಚ್ಚಳಕ್ಕೆ ಹಾಲು ತೆಗೆದಳು. ಮೊದಲು ಏನೂ ಬರಲಿಲ್ಲ. ಸಿಟ್ಟು ಬಂತು, ಅತ್ತಳು, ಡ್ರೈವರನನ್ನು ಬೈದಳು, ಪಾಪ ಅವನು ಅಲ್ಲಿರಲೇ ಇಲ್ಲ. ನಾನು ಸೈರನ್ನನ್ನು ಸೀಟಿನ ಮೇಲೆ ಮಲಗಿಸಿ ಕೈ ಹಿಂದೆ ಕಟ್ಟಿ ಕೂತಿದ್ದೆ. ಆಮೇಲೆ ಸಣ್ಣ ಎಳೆಯಾಗಿ ಚಿಮ್ಮಿತು. ಮುಚ್ಚಳ ತುಂಬಿ ಸೀಟಿನ ಮೇಲೆ ಚೆಲ್ಲಿತು.

"ಅಯ್ಯೋ, ಇಷ್ಟಿದೆ," ಅಂದಳು. ಬೇರೆ ಯಾರದೋ ಎದೆಯ ಬಗ್ಗೆ ಹೇಳಿದ ಹಾಗೆ.

ನನಗೂ ಕಣ್ಣು ಒದ್ದೆಯಾಯಿತು. ನಾನು ಅಳುವವಳಲ್ಲ. ಬಸ್ಸಿನಲ್ಲಿ ಧೂಳು ಜಾಸ್ತಿ.

ಮಾರ್ಚ್ ೧೩, ಶುಕ್ರವಾರ

ಹೀರೇಕಾಯಿ ಅಜ್ಜಿ ದಿನಾ ಮಗುವನ್ನು ಕೊನೆಯ ಸ್ಟಾಪಿಗೆ ತರುತ್ತಾರೆ. ಮೊದಲ ದಿನ ಮಗು ಎದೆ ಬೇಡವೆಂದು ಬಿಲ್ಲಿನ ಹಾಗೆ ಬಾಗಿತು, ಅಜ್ಜಿ "ನಾನು ಹೇಳಲಿಲ್ವಾ" ಅಂದರು. ಇವತ್ತು ಬಸ್ಸು ನಿಂತಿದ್ದಷ್ಟೂ ಹೊತ್ತು ಕುಡಿಯಿತು, ಅಜ್ಜಿ "ನಾನು ಹೇಳಲಿಲ್ವಾ" ಅಂದರು. ಅದೇ ಧ್ವನಿ.

ಡ್ರೈವರಣ್ಣ ಹೊರಗೆ ಕೆಮ್ಮುತ್ತಾ ಸುತ್ತು ಹಾಕುತ್ತಾನೆ. "ಮೇಡಂ, ಟೈಮಾಯ್ತು."

"ಹೋಲ್ಡಾನ್!" ಅನ್ನುತ್ತಾಳೆ ಕಂಡಕ್ಟರಕ್ಕ. ಮಗು ಬಿಟ್ಟ ಮೇಲೆ ಗುಂಡಿ ಹಾಕಿಕೊಂಡು "ರೈಟ್!" ಆಮೇಲೇ ಬಸ್ಸು ಹೊರಡುವುದು.

ಮಾರ್ಚ್ ೧೮, ಬುಧವಾರ

ಇವತ್ತು ಬಸ್ಸಿನಲ್ಲಿ ನಾವು ಒಂದು ಗುಂಪೇ ಆಗಿದ್ದೆವು. ಗೇಟಿನಲ್ಲಿ ನನ್ನ ಉಳಿದರ್ಧ ಕೇಳಿದವರು ಒಬ್ಬೊಬ್ಬರಾಗಿ ಹತ್ತಿದರು. ಕೆಲವರ ಚೀಲದಲ್ಲಿ ಬಾಟಲಿಗಳಿದ್ದವು, ಮೊದಲು ಚೀಲದೊಳಗೇ ಇದ್ದವು. ಕಂಡಕ್ಟರಕ್ಕ ತನ್ನದನ್ನು ತೆಗೆದು ಟಿಕೆಟ್ ಮೆಷಿನ್ನಿನ ಪಕ್ಕ ಎಲ್ಲರಿಗೂ ಕಾಣುವ ಹಾಗೆ ಇಟ್ಟಳು. ಆಮೇಲೆ ಬಾಕಿಯವೂ ಹೊರಗೆ ಬಂದವು. ಒಬ್ಬಳು ದಿನಕ್ಕೆ ಒಂದು ಕಡಿಮೆ ಮಾಡಿದ್ದಾಳೆ. ಇನ್ನೊಬ್ಬಳಿಗೆ ಆಗಿಲ್ಲ, ಆಗಿಲ್ಲ ಅಂತ ಹೇಳಿದಳು. ಯಾರೂ ಮುಖ ತಿರುಗಿಸಲಿಲ್ಲ.

ಆಗ ಮುಂದಿನ ಬಾಗಿಲಿನಿಂದ ಸಿಸ್ಟರ್ ಹತ್ತಿದರು. ಕೈಯಲ್ಲಿ ತೂಗುವ ತಕ್ಕಡಿ, ಕಂಕುಳಲ್ಲಿ ಬಟ್ಟೆಗೊಂಬೆ. ಬಾಟಲಿಗಳ ಕಡೆ ಕೈಗಳು ಹೋದವು.

"ಬಿಡಿ, ಬಿಡಿ, ನೋಡಿಯಾಯ್ತು," ಅಂದು ಕೂತರು. "ನನ್ನ ಬುಧವಾರದ ಕೋಣೇಲಿ ಫ್ರಿಜ್ಜು ಒಂದೇ ಇದೆ ಇವತ್ತು. ಇಲ್ಲಿ ನೋಡಿದರೆ ಫುಲ್ ಲೋಡು."

ಒಬ್ಬಳ ಮಗು ಎದೆ ಜಾರಿಸಿತು, ಸಿಸ್ಟರ್ ಕೈ ತಾನಾಗಿ ಮುಂದೆ ಹೋಯಿತು. "ಸಿಸ್ಟರ್, ಕೈ ಹಿಂದೆ," ಅಂದೆ. ಅವರು ನನ್ನನ್ನು ಗುರಾಯಿಸಿ ಕೈ ಹಿಂದೆ ಕಟ್ಟಿಕೊಂಡರು. ಡ್ರೈವರಣ್ಣನೂ ನಕ್ಕ, ಹೊರಗಿನಿಂದಲೇ.

ಎಲ್ಲರೂ ಇಳಿಯುತ್ತಿದ್ದಾಗ ಸಿಸ್ಟರ್ ನನ್ನ ಪಕ್ಕ ಸರಿದರು. "ಅವತ್ತು ನಾನು ನಿನ್ನ ಪರ ಮಾತಾಡಬೇಕಿತ್ತು."

"ಹೌದು."

"ನೀನೂ ಮಾರ್ಕರ್ ಹಿಡಿಯೋ ಮುಂಚೆ ಜಾಗ ಅಳೀಬೇಕಿತ್ತು."

"ಹೌದು."

"ಸಾಹೇಬರ ಜೊತೆ ಮಾತಾಡಿದೀನಿ, ಗದರಿಸಿದೀನಿ ಅಂತಲೇ ಹೇಳಬೇಕು. ಹೊಸ ಪೋಸ್ಟರ್ ಮಾಡ್ತಾರಂತೆ. ನಿನ್ನ ಮಾತು ನೀನೇ ಬರೆದುಕೊಡಬೇಕಂತೆ. ಒಂದು ಸಾಲು."

ನಾನು ಯೋಚಿಸಿದೆ. ಜ್ವರ, ಕಲ್ಲಾದ ಎದೆ, ಅತ್ತೆಯ ಬಾಟಲಿ, ಸಂಜೆಯ ಸ್ನಾನ, ಮಂಚದ ಪಕ್ಕ ಕೂತ ಸಿಸ್ಟರ್, ಮುಚ್ಚಳ ತುಂಬಿ ಚೆಲ್ಲಿದ ಹಾಲು. "ಒಂದು ಸಾಲಲ್ಲಿ ಹಿಡಿಸಲ್ಲ ಸಿಸ್ಟರ್. ಕೊಡಲ್ಲ."

"ಗೊತ್ತಿತ್ತು," ಅಂದರು. "ಹಾಗಾದರೆ ಗೋಡೆ ಖಾಲಿ ಇರಲಿ. ನೀನೇ ಬಾ. ಕೋಣೆ ಬಾಗಿಲು ತೆಗೆದಿರ್ತೀನಿ."

"ಕ್ಷಮೆ ಕೇಳಲ್ಲ."

"ಯಾರು ಕೇಳಿದರು ನಿನ್ನ ಕ್ಷಮೆನ? ಗೊಂಬೆ ಹಿಡ್ಕೊ, ನನ್ನ ಕೈ ನೋಯ್ತಿದೆ."

ಮಾರ್ಚ್ ೨೫, ಬುಧವಾರ

ಡಬ್ಬದವನು ಬೇರೆ ಆಸ್ಪತ್ರೆಯ ಗೇಟಿಗೆ ಹೋಗಿದ್ದಾನೆ. ಅಲ್ಲೂ ಒಬ್ಬಳು ಜೊತೆಗಾತಿ ಬೇಕು ಅಂದೆ ಸಿಸ್ಟರಿಗೆ. ಕಂಡಕ್ಟರಕ್ಕನ ಮಗ ಈಗ ಕುಂಬಳಕಾಯಿ. ದಿನಕ್ಕೆ ಎರಡು ಬಾಟಲಿ ಡಬ್ಬದ್ದು, ಉಳಿದದ್ದು ಅವಳದು. ಕೋಣೆಯಲ್ಲಿ ಎಲ್ಲರ ಮುಂದೆ ಹಾಗೇ ಹೇಳಿದಳು, ಸ್ಟಾಪಿನ ಹೆಸರು ಕೂಗುವ ಧ್ವನಿಯಲ್ಲಿ.

ಊಟದ ಹೊತ್ತಿನಲ್ಲಿ ಗಂಡ ಕೇಳಿದ, "ಏನು, ಯಾವಾಗ ಬಿಡೋದು?"

"ಯಾವುದನ್ನ?" ಅಂದೆ.

ಅವನೂ ಅತ್ತೆಯೂ ಮುಖ ಮುಖ ನೋಡಿಕೊಂಡು ಏನೋ ದೊಡ್ಡ ತಮಾಷೆಯ ಹಾಗೆ ನಕ್ಕರು. ಈ ಮನೆಯಲ್ಲಿ ಯಾರಿಗೂ ತಲೆ ನೆಟ್ಟಗಿಲ್ಲ.

ಹೊಸ ಮನೆ ಕೊಟ್ಟಿದ್ದಾರೆ, ಕ್ಷೌರದಂಗಡಿಯ ಮೇಲಿನ ಮಹಡಿ. ಚಿಕ್ಕ ಹುಡುಗಿ, ನನಗಿಂತ ಚಿಕ್ಕವಳು, ಅವಳಿ ಮಕ್ಕಳು. ಇವತ್ತು ಹೋಗಿ ಬಾಗಿಲು ತಟ್ಟಿದೆ. "ನನಗೆ ಯಾರೂ ಬೇಡ, ಹೋಗಿ" ಅಂತ ಒಳಗಿಂದ ಕೂಗಿದಳು. ಹಿಂದೆ ಎರಡು ಸೈರನ್ನು ಒಟ್ಟಿಗೆ. ಸ್ವಲ್ಪ ಹೊತ್ತು ಮೆಟ್ಟಿಲ ಮೇಲೆ ಕೂತಿದ್ದೆ. ತೆಗೆಯಲಿಲ್ಲ.

ನಾಳೆ ಮತ್ತೆ ತಟ್ಟುತ್ತೇನೆ. ಆ ಮೆಟ್ಟಿಲು ತಣ್ಣಗಿದೆ, ಕೂರುವುದಕ್ಕೆ ಒಂದು ಚೀಲ ಒಯ್ಯಬೇಕು.